ಎದುರಿಗೆ ಶುಕ್ರ

ಗಂಗಾವತಿ
ವಿಕ್ರಮ ಸಂವತ್ಸರ, ಆಶ್ವೀಜ ಬಹುಳ ಪಂಚಮಿ, ಸೋಮವಾರ
(೨೧-೧೦-೧೯೪೦)

ಚಿ|| ಸೌ|| ತುಂಗಾಳಿಗೆ, ಎಷ್ಟು ಸಿಟ್ಟಿದ್ದರೂ ಬರೆಯುವಾಗ ಆಶೀರ್ವಾದವನ್ನೇ ಮೊದಲು ಬರೆಯುವ ನಿನ್ನ ಅವ್ವನಿಂದ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೀಬೇಕು, ಬರೆದೀನಿ. ನನ್ನ ತಲಿ ಮಾತ್ರ ನೆಟ್ಟಗಿಲ್ಲ. ನಿನ್ನನ್ನ ಕರಕೊಂಡು ಬಾ ಅಂತ ಕೊಪ್ಪಳಕ್ಕ ಕಳಿಸಿದ ಗಾಡಿ ನಿನ್ನೆ ಸಂಜಿಗೆ ಖಾಲಿ ಬಂತು. ಮೆತ್ತಗ ಹುಲ್ಲು ಹಾಸಿ, ಅದರ ಮ್ಯಾಲೆ ಎರಡು ಕೌದಿ ಹಾಸಿ, ಒರಗಾಕ ಲೋಡು ಇಟ್ಟು ಕಳಿಸಿದ್ದೆ. ಆ ಲೋಡಿಗೆ ನಮ್ಮ ಹನುಮಂತಪ್ಪ ಒರಗಿಕೊಂಡು ಬಂದಾನ. ಅವನ ಮುಖ ನೋಡಿ ಬೈಯಾಕೂ ಆಗಲಿಲ್ಲ, ಎತ್ತಿಗೆ ನೀರು ಕುಡಿಸು ಹೋಗು ಅಂದೆ.

ಚೊಚ್ಚಲ ಬಸುರಿ ಕುಬಸ ಮಾಡಿಸಿಕೊಂಡು ಏಳರಾಗ ತವರಿಗೆ ಬರೂದು ಎಲ್ಲಾರ ಮನ್ಯಾಗ ಇರೂ ಪದ್ಧತಿ. ನಿನಗೊಬ್ಬಾಕಿಗೆ ಶುಕ್ರ ಅಡ್ಡ ಬಂದ. ಶುಕ್ರ ಈಗ ನಸುಕಿನ್ಯಾಗ ಮೂಡಲಕ್ಕ ಕಾಣಸ್ತಾನ, ಗಂಗಾವತಿ ಕೊಪ್ಪಳಕ್ಕ ಮೂಡಲಾತು, ಬಸುರಿ ಶುಕ್ರನಿಗೆ ಎದುರಾಗಿ ಪ್ರಯಾಣ ಮಾಡಬಾರದು ಅಂತ ನಿಮ್ಮ ಮಾವನವರು ಹೇಳಿ ಕಳಿಸಿದರು. ಆತು, ದೊಡ್ಡವರು, ನಾಕು ಶಾಸ್ತ್ರ ಓದಿದವರು, ಒಪ್ಪಿಕೊಂಡೆ. ಆನೆಗೊಂದಿಗೆ ಹೋಗಿ ನರಹರಿ ಅವಧಾನಿಗಳ ಕಾಲು ಹಿಡಿದೆ. ಅವರು ದಾರಿ ತೋರಿಸಿದರು. ಚಂದ್ರ ಅಶ್ವಿನಿ, ಭರಣಿಯ ಕಡೆ ಇರೂ ದಿನಗಳಾಗ ಶುಕ್ರ ಕುರುಡನಂತ. ಅವನಿಗೆ ಕಣ್ಣು ಕಾಣದಾಗ ಬಸುರಿ ಅವನ ಮುಂದ ಹಾದು ಬಂದರ ದೋಷ ಇಲ್ಲಂತ. ಅದೇ ದಿನ ನೋಡಿ ಗಾಡಿ ಕಳಿಸಿದೆ.

ಕಳಿಸಿದರ ಏನಾತು? ಚಂದ್ರ ರಾತ್ರಿಯೇ ಮುಂದ ದಾಟ್ಯಾನ, ಶುಕ್ರನಿಗೆ ಕಣ್ಣು ಬಂದಾವ, ಅಂತ ಲೆಕ್ಕ ಬರೆದ ಚೀಟಿ ಕೊಟ್ಟು ಕಳಿಸೀರಿ. ನಮ್ಮ ಪಂಚಾಂಗದಾಗ ಚಂದ್ರ ಮರುದಿನ ಮಧ್ಯಾಹ್ನದ ತನಕ ಅಲ್ಲೇ ಅದಾನ. ಗಂಗಾವತಿಗೆ ಒಬ್ಬ ಚಂದ್ರ, ಕೊಪ್ಪಳಕ್ಕ ಒಬ್ಬ ಚಂದ್ರ ಅದಾನೇನವಾ? ಇನ್ನ ಶುಕ್ರ ಕುರುಡಾಗೂದು ಬರೂ ತಿಂಗಳು. ಅಷ್ಟೊತ್ತಿಗೆ ನಿನಗ ಎಂಟರಾಗ ಬೀಳ್ತದ, ಎಂಟರಾಗ ಹೊಸ್ತಿಲ ದಾಟಿಸಬಾರದು ಅಂತ ಮತ್ತೊಂದು ಶಾಸ್ತ್ರ ತಯಾರು ಇರ್ತದ.

ಆ ಲೆಕ್ಕ ಮಾಡಿದಾಕಿ ನೀನೇ ಅಂತ ಹನುಮಂತಪ್ಪ ಹೇಳಿದ. ಪಡಸಾಲ್ಯಾಗ ನಿಮ್ಮ ಮಾವನವರು ಕಣ್ಣು ಮುಚ್ಚಿ ಕುಂತು ಶ್ಲೋಕ ಹೇಳ್ತಿದ್ದರಂತ, ನೀ ಹೊಟ್ಟಿ ಹೊತ್ತುಕೊಂಡು ಪಾಟಿ ಮ್ಯಾಲೆ ಗುಣಿಸಿ ಭಾಗಿಸಿ ತಗೀತಿದ್ದೆಂತ. ಅವರ ಕಣ್ಣಿಗೆ ಪೊರಿ ಬಂದದ್ದು ಗೊತ್ತಿತ್ತು. ಜ್ಯೋತಿಷ ವೇದಕ್ಕ ಕಣ್ಣಿದ್ದಂಗ ಅಂತ ನಿನ್ನ ಲಗ್ನದ ಪಂಕ್ತಿಯೊಳಗ ಎಲಿ ಆರೂತನಕ ಹೇಳಿದವರು ಅವರು. ಈಗ ಅವರ ಕಣ್ಣು ನೀನಾಗೀದಿ. ಅಳಿಯಂದಿರು ಕಚೇರಿಯ ಉರ್ದು ಕಾಗದ ಬಿಟ್ಟು ತಲಿ ಎತ್ತೂದಿಲ್ಲ, ಅವರಿಗೆ ತಿಥಿ ಯಾವುದು ವಾರ ಯಾವುದು ಗೊತ್ತಿಲ್ಲ. ಹಂಗಾಗಿ ಮಾವನವರು ವರ್ಷಾ ವರ್ಷಾ ಬರೆಯೂ ಪಂಚಾಂಗ ಬರೂ ಯುಗಾದಿಗೆ ನಿನ್ನ ಕೊರಳಿಗೆ ಬಿದ್ದದ. ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಹಂಗಾತು ನಿಂದು. ಸೀಮಿ ಮಂದಿಗೆಲ್ಲ ಒಳ್ಳೆ ದಿನ ಹುಡುಕಿ ಕೊಡ್ತಿ, ಹೆತ್ತಾಕಿಯ ಮನಿಗೆ ಬರಾಕ ಒಂದು ದಿನ ಸಿಗಲಿಲ್ಲ ನಿನಗ.

ಹನುಮಂತಪ್ಪ ಇನ್ನೊಂದು ಮಾತೂ ಹೇಳಿದ. ಹೋಗಿ ಹಡದು ಬರಲಿ, ಕೂಸು ತೊಡಿ ಮ್ಯಾಲೆ ಬಂದಮ್ಯಾಲೆ ಪಾಟಿ ಅಟ್ಟ ಸೇರಿಸ್ತೀನಿ, ಹೆಣ್ಣಿಗೆ ಎದಕ್ಕ ಬೇಕು ಗ್ರಹಗತಿ ಅಂತ ನಿಮ್ಮ ಅತ್ತಿಯವರು ಒಳಗಿಂದ ಗೊಣಗಿದರಂತ. ನೀ ಬಳಪ ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡು ಮುಂದಿನ ಲೆಕ್ಕ ಹಿಡದೆಂತ.

ತುಂಗಾ, ನನಗ ಅಂಜಿಕಿ ಐತಿ. ನಮ್ಮಕ್ಕ ಅತ್ತಿ ಮನ್ಯಾಗ ಹಡಿಯಾಕ ಕುಂತು ಉಳೀಲಿಲ್ಲ. ಕೈ ಪಳಗಿದ ಸೂಲಗಿತ್ತಿ ಸಿಗಲಿಲ್ಲ, ಬ್ಯಾನಿ ತಿನ್ನೂಮುಂದ ಕೈ ಹಿಡಿಯಾಕ ತಾಯಿ ಇರಲಿಲ್ಲ. ನಿಮ್ಮ ಕಡೆ ಶುಕ್ರ ಎಲ್ಲಿ ಅದಾನ, ಗುರು ಎಲ್ಲಿ ಅದಾನ ಎಲ್ಲಾ ಗೊತ್ತಿರ್ತದ, ಕೊಪ್ಪಳದಾಗ ಒಳ್ಳೆ ಸೂಲಗಿತ್ತಿ ಎಲ್ಲಿ ಅದಾಳ ಅಂದರ ಒಬ್ಬರೂ ಬಾಯಿ ಬಿಡೂದಿಲ್ಲ. ಇದನ್ನ ನಿಮ್ಮಪ್ಪಗ ಹೇಳಿದರ ಅವರು ನಗ್ತಾರ. ಅವರ ನಗಿ ನೋಡಿ ನನಗ ಮತ್ತಷ್ಟು ಮೈ ಉರೀತದ.

ಅದಕ್ಕ ನಾನೇ ಬರ್ತೀನಿ. ಬಸುರಿ ಮೂಡಲಕ್ಕ ಬರಬಾರದು, ಆಕಿಯ ತಾಯಿ ಪಡುವಲಕ್ಕ ಹೋಗಬಾರದು ಅಂತ ಇನ್ನೂ ಯಾರೂ ಬರೆದಿಲ್ಲ. ಬರೂ ಗುರುವಾರ ಹೊರಡ್ತೀವಿ, ಗಿಣಿಗೇರ್ಯಾಗ ರಾತ್ರಿ ಇಳಕೊಂಡು ಮರುದಿನ ಬರ್ತೀವಿ, ಹೆರಿಗಿ ಬಾಣಂತನ ಮುಗಿಸಿಯೇ ತಿರುಗೂದು. ನನ್ನ ಸಂಗಾಟ ಗೌಸಬೀ ಬರ್ತಾಳ, ನಿನ್ನನ್ನ ಹಡೆಸಿದಾಕಿ. ಮಡಿ ಮೈಲಿಗಿ ಅಂತ ನಿಮ್ಮ ಅತ್ತಿಯವರು ತಕರಾರು ತಗದರ, ಕೂಸು ಮಡಿ ನೋಡಿಕೊಂಡು ಹೊರಗ ಬರೂದಿಲ್ಲ ಅಂತ ನೀನೇ ಹೇಳು. ಮಗಳಿಗೆ ಮಕ್ಕಳಾಗೂತನಕ ಆಕಿಯ ಮನಿ ನೀರು ಮುಟ್ಟಬಾರದು ಅಂತ ನಮ್ಮ ಪದ್ಧತಿ. ನಾನು ಜ್ವಾಳದ ಹಿಟ್ಟು, ಬ್ಯಾಳಿ, ಕೊಡ, ಹಗ್ಗ ಎಲ್ಲಾ ಕಟ್ಟಿಕೊಂಡು ಬರ್ತೀನಿ, ಓಣಿ ಬಾವಿ ನೀರು ಸೇದಿಕೊಂಡು ನಿಮ್ಮ ಹಿತ್ತಲದಾಗ ಒಲಿ ಹೂಡ್ತೀನಿ. ಬೀಗರಿಗೆ ನಾಚಿಕಿ ಅನಿಸಿದರ ಅನಿಸಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಬಗ್ಗಿ ಬಗ್ಗಿ ಬರೀಬ್ಯಾಡ, ಪಾಟಿ ಎತ್ತರಕ್ಕ ಇಟ್ಟುಕೋ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅವ್ವ
ಕೃಷ್ಣಕ್ಕ

ತಾ.ಕ.: ಇಷ್ಟು ನಸುಕಿನ್ಯಾಗ ಬರೆದಿಟ್ಟು, ನೀ ಬರೆದ ಲೆಕ್ಕದ ಚೀಟಿ ತಗೊಂಡು ಆನೆಗೊಂದಿಗೆ ಹೋದೆ, ಅವಧಾನಿಗಳ ಮುಂದ ಇಟ್ಟು ತಪ್ಪು ಹುಡುಕ್ರಿ ಅಂದೆ. ಭಾಳ ಹೊತ್ತು ನೋಡಿದರು. ಲೆಕ್ಕ ಸರಿ ಐತಿ, ನಮ್ಮ ಪಂಚಾಂಗವೇ ತಪ್ಪ್ಯದ ಅಂದರು. ಆಮ್ಯಾಲೆ ಚಾಳೀಸು ತಗದು ಇನ್ನೊಂದು ಮಾತು ಅಂದರು. ಇಷ್ಟು ತಿಳಿದವರಿಗೆ ಕಾಶ್ಯಪ ಗೋತ್ರದ ಮನಿಗೆ ಈ ಶುಕ್ರನ ದೋಷವೇ ಇಲ್ಲ ಅನ್ನೂದು ತಿಳಿದಿರಲೇಬೇಕು ಅಂತ. ನಿಮ್ಮ ಬೀಗರದು ಯಾವ ಗೋತ್ರ ಅಂತ ಕೇಳಿದರು. ನಿನ್ನ ಧಾರಿ ಎರಿಯೂಮುಂದ ಮೂರು ಸಲ ಕೇಳಿದ ಗೋತ್ರ, ಆದರೂ ನನಗ ನೆನಪಿಲ್ಲರಿ ಅಂದೆ.