ಮೊದಲು ಉಸಿರು, ಆಮೇಲೆ ಹೆಸರು

ಕೆಂಪುನೆಲದ ೯೬ನೆಯ ವರ್ಷ, ಎರಡನೆಯ ಚೈತ್ರ

ಪ್ರೀತಿಯ ದಾನೇಶ್ವರಿ ಅಜ್ಜಿ,

ಇನ್ನೂ ಹತ್ತೊಂಬತ್ತರಲ್ಲಿ ಓದುತ್ತಿರುವ ನಿನ್ನನ್ನು ಅಜ್ಜಿ ಎನ್ನುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಶಿವಗಂಗೆ, ನಿನ್ನ ಎಂಟನೆಯ ತಲೆಮಾರಿನ ಮೊಮ್ಮಗಳು. ಈ ಕೆಂಪು ಗ್ರಹದ ವರ್ಷ ನಿಮ್ಮ ಭೂಮಿಯದರ ಸುಮಾರು ಎರಡರಷ್ಟು ಉದ್ದ, ಹಾಗಾಗಿ ಚೈತ್ರವೂ ಎರಡು ಸಲ ಬರುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ಹೊರಗೆ ಉಸಿರಾಡುವಂಥ ಗಾಳಿಯೇ ಇಲ್ಲದ ಊರು ನಮ್ಮದು. ಹೊರಡುವವರು ಬೆನ್ನಿಗೆ ಗಾಳಿಬುರುಡೆ ಕಟ್ಟಿಕೊಳ್ಳುತ್ತಾರೆ. ಬಂದವರನ್ನು ಉಸಿರುಬಾಗಿಲು ಒಳಗೆ ಬಿಡುತ್ತದೆ; ಎರಡು ಬಾಗಿಲುಗಳ ನಡುವಿನ ಪುಟ್ಟ ಕೋಣೆ ಅದು. ಅದನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ನಮ್ಮ ಮನೆತನದ ಕೆಲಸ. ಅಡುಗೆ ಕಲಿಸಿದ ಹಾಗೆ ತಾಯಿ ಮಗಳಿಗೆ ಕಲಿಸುತ್ತಾಳೆ. ಎಲ್ಲರಿಗೂ ಮೊದಲ ಗುರು ನೀನು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಲು, ಎಷ್ಟು ಸಲ ಎಂದು ಗೊತ್ತಿದ್ದರೆ ಫಾರ್ ಲೂಪ್, ಗೊತ್ತಿಲ್ಲದಿದ್ದರೆ ವೈಲ್ ಲೂಪ್ ಎಂದು ಕಲಿಸಿದವಳು ನೀನೇ. ಮೂರನೆಯದಾದ ಡೂ-ವೈಲ್ ಮಾತ್ರ "ಪರೀಕ್ಷಾಕ್ಕ ಬರಂಗಿಲ್ಲ, ಬಿಡ" ಎಂದು ಹಾರಿಸಿದ್ದೆಯಂತೆ. ಅದನ್ನು ಹೇಳಿಕೊಂಡು ಮೊನ್ನೆಯವರೆಗೂ ನಾವೆಲ್ಲ ನಗುತ್ತಿದ್ದೆವು.

ನಮ್ಮ ಬಾಗಿಲಿಗೂ ವೈಲ್ ಒಂದೇ ಗೊತ್ತಿತ್ತು. ಅದು ಮೊದಲು ಷರತ್ತು ನೋಡುತ್ತದೆ. ಹೆಸರು ಹೇಳಿದ ದನಿ ನಮ್ಮವರದಾದರೆ ಕೋಣೆಗೆ ಒಂದು ಉಸಿರಿನಷ್ಟು ಗಾಳಿ, ಮತ್ತೆ ಷರತ್ತು, ಮತ್ತೆ ಗಾಳಿ. ಅಲ್ಲವಾದರೆ ಒಮ್ಮೆಯೂ ಇಲ್ಲ. ಕಳೆದ ದೂಳಿನ ಬಿರುಗಾಳಿಯಲ್ಲಿ ನನ್ನ ಮಗಳು ಇಂಚರಾ ಬುರುಡೆ ಬರಿದಾಗಿ ಆ ಕೋಣೆಯೊಳಗೆ ಬಂದು ನಿಂತಳು. ಉಸಿರಿಲ್ಲದೆ ದನಿ ಹೊರಡಲಿಲ್ಲ, ದನಿಯಿಲ್ಲದೆ ಬಾಗಿಲು ಉಸಿರು ಕೊಡಲಿಲ್ಲ. ಗಾಜಿನ ಈಚೆ ನಿಂತು ಅವಳ ತುಟಿ ನೀಲಿಯಾಗುವುದನ್ನು ನೋಡಿದೆ. ಕೀಲಿಯ ನೆನಪೇ ಬಾರದೆ ಗಾಜು ಬಡಿಯುತ್ತಿದ್ದೆ. ಪಕ್ಕದ ಮನೆಯ ಹಂಪವ್ವ ಓಡಿ ಬಂದು, ಕೈಯಿಂದಲೇ ಕೀಲಿ ತಿರುಗಿಸಿ ಅವಳನ್ನು ಒಳಗೆಳೆದುಕೊಂಡಳು. ಹುಡುಗಿ ಬದುಕಿದಳು.

ಆಮೇಲೆ ಹಂಪವ್ವ ನನಗೆ ಚೆನ್ನಾಗಿ ಬೈದಳು. "ಬಂದವರಿಗೆ ಮೊದಲ ನೀರು-ಬೆಲ್ಲ ಕೊಡಬೇಕವ್ವಾ, ಆಮ್ಯಾಲೆ ಯಾರಂತ ಕೇಳಬೇಕು. ನಿಮ್ಮ ಬಾಗಿಲಿಗೆ ಇಷ್ಟೂ ತಿಳಿಯಂಗಿಲ್ಲೇನು?"

ನೀನು ಹಾರಿಸಿದ ಪಾಠವನ್ನು ಹುಡುಕಿ ಕಲಿತೆ. ಡೂ-ವೈಲ್ ಮೊದಲು ಒಮ್ಮೆ ಕೆಲಸ ಮಾಡುತ್ತದೆ, ಷರತ್ತು ಕೇಳುವುದು ಆಮೇಲೆ. ಆ ಒಂದು ಉಸಿರು ಸಿಕ್ಕರೆ ಸಾಕು, ಹೆಸರು ಹೇಳುವಷ್ಟು ದನಿ ಬರುತ್ತದೆ. ಈಗ ಬಾಗಿಲು ಹಾಗೆಯೇ ನಡೆಯುತ್ತಿದೆ. ಇಂಚರಾ ಇಂದು ಮತ್ತೆ ಹೊರಗೆ ಹೋಗಿದ್ದಾಳೆ, ಬೇಡವೆಂದರೆ ಕೇಳುವವಳಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಅಜ್ಜಿ. ನೀನು ಕೊಟ್ಟ ವಿದ್ಯೆಯಿಂದಲೇ ನಾವೆಲ್ಲ ಉಂಡಿದ್ದೇವೆ. ಆದರೂ ಇಂದು ಸಂಜೆ ಪುಸ್ತಕ ಮುಚ್ಚುವ ಮುನ್ನ ಆ ಪುಟ ಓದು, ಮುಂದೆ ನಿನ್ನ ಮಗಳಿಗೂ ಕಲಿಸು. ನಿನಗೆ ಅದರಿಂದ ಒಂದು ಅಂಕವೂ ಬಾರದಿರಬಹುದು. ನನಗೆ ಮಾತ್ರ ಗಾಜಿನ ಈಚೆ ನಿಂತು ಮಗಳ ನೀಲಿ ತುಟಿ ನೋಡುವುದು ತಪ್ಪುತ್ತದೆ.

ನಿನ್ನ
ಶಿವಗಂಗೆ