ದಂಡೆ ಬಿಟ್ಟು ಇಳಿಯಬೇಡ

ಸಿರುಗುಪ್ಪ
೯-೮-೧೯೭೩, ಗುರುವಾರ

ನನ್ನ ಮುದ್ದು ಸುವರ್ಣಾ,

ನಿನ್ನ ಅಜ್ಜಿ ಬರೆಯುತ್ತಿದ್ದೇನೆ. ಹೇಗಿದ್ದೀಯ? ಕೆಮ್ಮು ಹೋಯಿತೇ? ಹೋಗದಿದ್ದರೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಮೂಗು ಮುರಿಯಬೇಡ. ಬಳ್ಳಾರಿಯ ಹಾಸ್ಟೆಲ್ಲಿನ ಸಾರು ನೀರಿನ ಹಾಗಿದೆ ಎಂದು ಬರೆದಿದ್ದೀಯ, ಅದಕ್ಕೇ ಪಂಚಮಿಗೆ ಬಾ ಎಂದು ಬಡಿದುಕೊಂಡೆ. ಬರಲಿಲ್ಲ. ನಿನ್ನ ಪಾಲಿನ ಎಳ್ಳುಂಡಿ ಡಬ್ಬಿಯಲ್ಲಿ ಹಾಗೆಯೇ ಇದೆ. ನನ್ನ ಮಂಡಿ ನೋವಿನ ಸುದ್ದಿ ಏನು ಬರೆಯಲಿ, ಅದು ಇದ್ದದ್ದೇ.

ನಿನ್ನ ಕಾಗದ ಮಂಗಳವಾರ ಬಂತು. ಪೋಸ್ಟಿನವನ ಎದುರಿಗೇ ಒಡೆದು ಓದಿ, ಹೊಸ್ತಿಲ ಮೇಲೆ ಕುಸಿದು ಕುಳಿತೆ. ಹೊಸ್ತಿಲ ಮೇಲೆ ಕೂರಬಾರದು ಎಂದು ನಿನಗೆ ಸಾವಿರ ಸಲ ಬೈದವಳು ನಾನೇ! "ಯಾಕ್ರೀ ಅಮ್ಮಾ, ಏನಾರ ಕೆಟ್ಟ ಸುದ್ದಿ ಐತೇನು?" ಎಂದು ಅವನು ಗಾಬರಿಯಾದ. "ಇಲ್ಲಪಾ, ಮೊಮ್ಮಗಳು ಹೊಳಿ ನೋಡಾಕ ಬರ್ತಾಳಂತ" ಎಂದೆ. ಅಷ್ಟಕ್ಕೆ ಈ ಮುದುಕಿ ಯಾಕೆ ಹೀಗೆ ಕುಳಿತಳು ಎಂದು ಅವನಿಗೆ ತಿಳಿಯಲಿಲ್ಲ. ನನಗೆ ಹೆದರಿಕೆಯಾಗಿದೆ ಸುವರ್ಣಾ, ಮುಚ್ಚಿಡುವುದೇನು.

ಹತ್ತೊಂಬತ್ತರ ಭಾನುವಾರ ನಾಲ್ವರು ಗೆಳತಿಯರು ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬಂದು, ಹೊಳೆಗುಂಟ ಕೆಂಚನಗುಡ್ಡದವರೆಗೆ ನಡೆದು, ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿ, ಸಂಜೆ ಬಸ್ಸಿಗೆ ವಾಪಸ್ಸಾಗುವುದು ಎಂದು ಬರೆದಿದ್ದೀಯ. ಹೊಳೆ ಅಲ್ಲಿ ಬಹಳ ಚೆಂದವಂತೆ! ಚೆಂದ ಹೌದು ತಾಯಿ, ನಾನು ಇಲ್ಲವೆಂದೆನೇ? "ಬೇಡ" ಎಂದು ಬರೆದ ಎರಡು ಕಾರ್ಡು ಹರಿದು ಒಲೆಗೆ ಹಾಕಿದೆ. ನಿನ್ನ ಅವ್ವ ಹಿರಿಯರ ಮಾತಿಗೆ ಎದುರಾಡಿದವಳಲ್ಲ, ನೀನು ಎದುರಾಡದ ದಿನವಿಲ್ಲ. ಬೇಡವೆಂದರೆ ನನಗೆ ಹೇಳದೆ ಹೋಗುವವಳು ನೀನು. ಅದಕ್ಕಿಂತ ಹೇಳಿ ಹೋಗುವುದೇ ವಾಸಿ.

ಆದರೆ ನಾನು ಹೇಳಿದ ಹಾಗೆ ಹೋಗಬೇಕು. ಮೂವತ್ತು ವರ್ಷ ಹರಿಗೋಲು ಹಾಕಿದ ಕೊಟ್ರಬಸಪ್ಪನನ್ನು ನಿಮ್ಮ ಮುಂದೆ ಕಳಿಸುತ್ತೇನೆ. "ಹುಡುಗ್ಯಾರನ್ನ ಹೂವಿನಂಗ ಕರ್ಕೊಂಡು ಬರ್ತೀನಿ, ನೀವು ಅಂಜಬ್ಯಾಡ್ರಿ" ಎಂದಿದ್ದಾನೆ. ಅವನು ನಡೆದ ದಾರಿಯಲ್ಲೇ, ದಂಡೆಯ ಮೇಲೇ ನಡೆಯಿರಿ. ಬುತ್ತಿ ಬಿಚ್ಚುವುದು ಬಂಡೆಯ ಮೇಲಲ್ಲ, ದಿಬ್ಬದ ಬೇವಿನ ಮರದ ಕೆಳಗೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ನಾನೇ ಕಟ್ಟಿಕೊಡುತ್ತೇನೆ, ಹಾಸ್ಟೆಲ್ಲಿನಿಂದ ಏನೂ ತರಬೇಡಿ. ಹೊಳೆಯಲ್ಲಿ ಬರೀ ಉಸುಕು ಕಂಡರೂ ನಂಬಬೇಡ. ನಮ್ಮೂರಲ್ಲಿ ಬಿಸಿಲು ಚುರುಗುಟ್ಟುವಾಗಲೇ ಎಲ್ಲೋ ಮೇಲುಸೀಮೆಯಲ್ಲಿ ಮಳೆ ಹೊಯ್ದು, ಡ್ಯಾಮು ತುಂಬಿ, ನೀರು ಬಿಡುತ್ತಾರೆ. ಮೊದಲು ಪಾದ ತಣ್ಣಗಾಗುತ್ತದೆ, ನೀವು ಕಿಲಕಿಲ ನಗುತ್ತೀರಿ. ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಅದೇ ನೀರು ಸೊಂಟಕ್ಕೆ ಬಂದಿರುತ್ತದೆ. ಆಮೇಲೆ ಈಜು ಬಂದರೂ ಒಂದೇ, ಬರದಿದ್ದರೂ ಒಂದೇ. ಚಪ್ಪಲಿ ತೇಲಿ ಹೋದರೆ ಹೋಗಲಿ, ಹಿಡಿಯಲು ಇಳಿಯಬೇಡ.

ನಿನ್ನ ಗೆಳತಿಯರಿಗೂ ಇದನ್ನು ಓದಿ ಹೇಳು, ನಕ್ಕರೆ ನಗಲಿ. ಅವರಿಗೂ ಅವ್ವಂದಿರಿದ್ದಾರೆ. ದೇವರು ನಿಮ್ಮ ನಾಲ್ವರ ಕಾಲನ್ನೂ ಒಣನೆಲದ ಮೇಲೆ ಇಟ್ಟಿರಲಿ, ಚೆನ್ನಾಗಿ ಓದಿ ದೊಡ್ಡವಳಾಗು.

ನಿನ್ನ ಅಜ್ಜಿ,
ಚನ್ನವೀರಮ್ಮ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬರಲಿಲ್ಲ. ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲೇ ಬರೆದುಬಿಡುತ್ತೇನೆ. ನಿನ್ನ ಅವ್ವ ಜ್ವರ ಬಂದು ಸತ್ತಳೆಂದು ಹೇಳುತ್ತಾ ಬಂದೆನಲ್ಲ, ಅದು ಸುಳ್ಳು. ನಿನಗೆ ಆಗ ಮೂರು ವರ್ಷ. ದಾಕ್ಷಾಯಣಿ ನಿನ್ನನ್ನು ಎತ್ತಿಕೊಂಡು ಪಂಚಮಿಗೆ ತವರಿಗೆ ಬಂದಿದ್ದಳು. ಹಬ್ಬದ ಮುಂಚೆ ಮನೆಯ ಹಾಸಿಗೆ ಕೌದಿಯೆಲ್ಲ ಹೊಳೆಗೆ ಒಯ್ದು ಒಗೆಯಬೇಕಿತ್ತು. ಅವತ್ತು ಬೆಳಗ್ಗೆ ನೀರು ಬಿಡುತ್ತಾರೆಂದು ಓಣಿಯಲ್ಲಿ ಡಂಗುರ ಸಾರಿದರು. ಅವಳು ಗಂಟು ಕೆಳಗಿಟ್ಟು "ಇವತ್ತು ಹೊಳಿಗೆ ಬ್ಯಾಡವ್ವಾ" ಎಂದಳು. ನಾನು ಅಂಗಳಕ್ಕಿಳಿದು ಮುಗಿಲು ನೋಡಿದೆ. "ಒಂದು ತುಣುಕು ಮೋಡ ಇಲ್ಲ, ನೀರೇನು ನಿನ್ನ ಅತ್ತಿ ಮನಿಯಿಂದ ಬರ್ತೈತೇನು? ಮೈಗಳ್ಳಿ, ನಡಿ" ಎಂದು ನಾನೇ ಗಂಟು ಎತ್ತಿ ಅವಳ ತಲೆಯ ಮೇಲಿಟ್ಟೆ. ಎರಡು ದಿನದ ಮೇಲೆ ಸಿಕ್ಕಳು.

ಅವಳು ನನ್ನ ಮಾತು ಕೇಳಿ ಹೋದಳು ಸುವರ್ಣಾ. ಭಾನುವಾರ ಡಂಗುರ ಸಾರಿದ್ದರೆ, ನಾನೇ ಬಾಗಿಲಲ್ಲಿ ನಿಂತು "ಹೋಗು, ಏನೂ ಆಗೋದಿಲ್ಲ" ಎಂದರೂ ನೀನು ನನ್ನ ಮಾತು ಕೇಳಬೇಡ.