ಒಳಬಳೆಯ ಅಂಚು

ಬಳ್ಳಾರಿ,
ಕ್ರಿ.ಶ. 2391, ಮರುಮೇ ತಿಂಗಳ ಮೂವತ್ತೆಂಟು

ಹಿಂದಿನ ಕಾಲದ ಹೃದಯದ ಡಾಕ್ಟರುಗಳಿಗೆ ಅಂಬಕ್ಕನ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಬೇಸಿಗೆ ಒಂದು ಮೇ ತಿಂಗಳಲ್ಲಿ ಮುಗಿಯುವುದಿಲ್ಲ, ಅದಕ್ಕೇ ಹಿರಿಯರು ಅದರ ಬೆನ್ನಿಗೆ ಇನ್ನೂ ಉದ್ದದ ಮರುಮೇ ಸೇರಿಸಿದ್ದಾರೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವಳು, ಬಾಯಿ ಸ್ವಲ್ಪ ಜೋರು.

ನೀವು ಸ್ಟೆಂಟ್ ಅನ್ನುವುದನ್ನು ನಾವು ಒಳಬಳೆ ಅನ್ನುತ್ತೇವೆ. ಕಟ್ಟಿಕೊಂಡ ರಕ್ತನಾಳವನ್ನು ಅಗಲಿಸಿ ಹಿಡಿಯುವ ತಂತಿಯ ಪುಟ್ಟ ಕೊಳವೆ. ಅದರ ಸುತ್ತ ಮತ್ತೆ ಮಾಂಸ ಬೆಳೆದು ದಾರಿ ಮುಚ್ಚಬಾರದೆಂದು ನಮ್ಮವರು ಅದಕ್ಕೆ ವಿಕಿರಣದ ಲೇಪ ಹಚ್ಚುತ್ತಾರೆ, ಅದೂ ನಿಮ್ಮದಕ್ಕಿಂತ ಬಹಳ ಗಟ್ಟಿಯಾಗಿ. ಹೊಸ ಬಳೆ ಹಾಕಿಸಿಕೊಂಡವರಿಗೆ ಮನೆಯಲ್ಲಿ ದೂರಚಾಪೆ ಹಾಸುವುದು ನಮ್ಮ ಪದ್ಧತಿ. ಪಡಸಾಲೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾವು. ತಟ್ಟೆಯನ್ನು ಉದ್ದ ಕೋಲಿನಿಂದ ತಳ್ಳುತ್ತೇವೆ. ಲೇಪದ ಕಾವು ಆರುವವರೆಗೆ, ಅಂದರೆ ಸುಮಾರು ಅರ್ಧ ವರ್ಷ, ಮಕ್ಕಳು ಹತ್ತಿರ ಹೋಗುವಂತಿಲ್ಲ.

ನನ್ನ ಗಂಡ ವಿರೂಪಣ್ಣ ಮೊದಲ ಬಳೆ ಹಾಕಿಸಿಕೊಂಡು ಬಂದ ದಿನ, "ಈ ವಯಸ್ಸಿನಾಗ ನನಗೂ ಬಳಿ ತೊಡಿಸಿಬಿಟ್ರು ನೋಡವಾ" ಎಂದು ಸೊಸೆಯನ್ನು ನಗಿಸಿದ್ದರು. ಚಾಪೆ ಸುತ್ತಿಡುವ ಹೊತ್ತಿಗೆ ಮತ್ತೆ ಎದೆನೋವು. ಡಾಕ್ಟರ್ ಮಹಾಂತಮ್ಮ ನೋಡಿ, ಬಳೆಯೊಳಗೆ ಕನ್ನಡಿಯಂತೆ ಸ್ವಚ್ಛವಾಗಿದೆ, ಅದರ ಎರಡೂ ಅಂಚಿನಲ್ಲಿ ಮಾತ್ರ ನಾಳ ಹಿಸುಕಿಕೊಂಡಿದೆ ಎಂದರು. ಇನ್ನೂ ಉದ್ದದ ಬಳೆ ಹಾಕಿದರು. ಮತ್ತೆ ದೂರಚಾಪೆ. ಆ ಬಳೆಯ ಅಂಚೂ ಕಟ್ಟಿತು. ಮೂರನೆಯದು ಹಾಕಿದರು.

ನಮ್ಮವರ ತಪ್ಪು ಇಲ್ಲಿದೆ. ಬಳೆ ಗೆದ್ದಿತೋ ಸೋತಿತೋ ಎಂದು ಅವರು ಬಳೆಯ ಉದ್ದದೊಳಗೆ ಮಾತ್ರ ಅಳೆಯುತ್ತಾರೆ. ಅಂಚಿನಲ್ಲಿ ಕಟ್ಟಿದರೆ ಅದು ಹೊಸ ಕಾಯಿಲೆ. ಆ ಲೆಕ್ಕದಲ್ಲಿ ನನ್ನ ಗಂಡನ ಮೂರೂ ಬಳೆ ಗೆದ್ದಿವೆ. ಅವರೊಬ್ಬರೇ ಉಳಿಯಲಿಲ್ಲ.

ಮೊಮ್ಮಗಳು ನೀಲಿಗೆ ಮಾತು ಬಂದದ್ದು ಎರಡನೆಯ ಚಾಪೆಯ ಕಾಲಕ್ಕೆ. ತಾತ ಅಂದರೆ ಪಡಸಾಲೆಯ ಆ ತುದಿಯಲ್ಲಿ ಇರುವವರು ಎಂದೇ ಅವಳು ತಿಳಿದಿದ್ದಳು. ಇಬ್ಬರ ನಡುವೆ ಒಂದು ಬಟ್ಟೆಯ ಚೆಂಡು ಉರುಳಾಡುತ್ತಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಉರುಳಿಸಿದ ಚೆಂಡು ಮರಳಿ ಬರಲಿಲ್ಲ. "ತಾತಾ, ಒಗಿ" ಎಂದು ಅವಳು ಕೂಗುತ್ತಲೇ ಇದ್ದಳು. ನಾನು ಅಡುಗೆಮನೆಯಿಂದ ಅವಳನ್ನೇ ಗದರಿದೆ. ಆ ಸಂಕಟ ಇನ್ನೂ ಆರಿಲ್ಲ.

ಈಗ ನನ್ನದೇ ನಾಳ ಕಟ್ಟಿದೆ. ಈ ಕಾಲದಲ್ಲಿ ಬೇರೆ ಉಪಾಯ ಉಳಿದಿಲ್ಲ. ಬಳೆ ಬೇಡವೆಂದರೆ ಮಳೆಗಾಲ ನೋಡುವುದಿಲ್ಲ ನಾನು. ಇದನ್ನು ಕಂಡುಹಿಡಿದವರು ಯಾರು ಎಂದು ಮಹಾಂತಮ್ಮನನ್ನು ಜಗಳವಾಡುವಂತೆ ಕೇಳಿದೆ. ನೀವಂತೆ. ನಿಮ್ಮ ಕಾಲದ್ದೆಂದು ನಮಗೆ ಉಳಿದಿರುವುದು ಸ್ವಚ್ಛವಾದ ನಾಳದ ಒಂದು ಚಿತ್ರ, ಅದರ ಕೆಳಗೆ ಎರಡೇ ಮಾತು: ಆಮೇಲೆ ಕೈಬಿಟ್ಟರು. ಯಾಕೆ ಎಂಬುದು ಬಂದು ತಲುಪಿಲ್ಲ. ನಿಮಗೆ ಧೈರ್ಯ ಸಾಲದೆ ಬಿಟ್ಟಿರೆಂದು ನಮ್ಮವರು ತಿಳಿದರು. ನೀವು ಬಿಟ್ಟಿದ್ದನ್ನು ತಾವು ಸಾಧಿಸಿದೆವೆಂದು ಬೀಗಿದರು.

ನೀವೂ ಆ ಅಂಚನ್ನು ಕಂಡೇ ಕೈಬಿಟ್ಟಿರಬೇಕು. ದಯವಿಟ್ಟು ಅದನ್ನು ಬರೆದಿಡಿ. ಗೆದ್ದದ್ದನ್ನು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ಹತ್ತು ಕಡೆ, ಅಳಿಸಿಹೋಗದ ಹಾಗೆ ಬರೆದಿಡಿ. ಅದು ಮೊದಲೇ ತಲುಪಿದ್ದರೆ ನಮಗೂ ಬೇರೆ ದಾರಿ ಹುಡುಕಲು ಸಮಯ ಸಿಗುತ್ತಿತ್ತು.

ಸೋಮವಾರ ನನ್ನ ಸರದಿ. ಮಗ ಮಾಳಿಗೆಯಿಂದ ಚಾಪೆ ಇಳಿಸಿ ಬಿಸಿಲಿಗೆ ಹಾಕಿದ್ದಾನೆ. ಅದನ್ನು ಕಂಡ ನೀಲಿ ಎಲ್ಲಿಂದಲೋ ಆ ಚೆಂಡು ಹುಡುಕಿ ತಂದಿದ್ದಾಳೆ. ಸೋಮವಾರದವರೆಗೆ ಅವಳನ್ನು ತೊಡೆಯಿಂದ ಇಳಿಸುವುದಿಲ್ಲ, ಆದ್ದರಿಂದ ಅಕ್ಷರ ಓರೆಯಾಗಿದ್ದರೆ ಮನ್ನಿಸಿ.

ಇಂತಿ,
ಅಂಬಕ್ಕ